ಗಂಟೆ ಅಜ್ಜನಿಗೂ ನಿಮ್ಮೆಲ್ಲರಿಗೂ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ಕಳೆದ ಭಾನುವಾರ ಬಿಷಪರೂ ಅವರ ಸುತ್ತ ನಿಂತಿದ್ದ ಸಭಾಪಾಲಕರೂ ನನ್ನ ತಲೆಯ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿ, ನನ್ನನ್ನು ಸಭಾಪಾಲಕಿಯಾಗಿ ಕರ್ತನ ಸೇವೆಗೆ ಪ್ರತಿಷ್ಠಿಸಿದರು. ಅಷ್ಟು ಜನರ ಕೈಗಳು ಒಟ್ಟಿಗೆ ತಲೆಯ ಮೇಲೆ ಬಂದಾಗ ಕುತ್ತಿಗೆ ತಾನಾಗಿಯೇ ಬಾಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಮ್ಮೆಲ್ಲರ ಕೈ ಹಿಡಿದು ಮಾತನಾಡಬೇಕೆಂದಿದ್ದೆ. ಆದರೆ ಮಾತು ಬರಲಿಲ್ಲ. ಆದ್ದರಿಂದ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

16 ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ನಾನು, 38ನೆಯ ವಯಸ್ಸಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನ ಮೆಟ್ಟಿಲು ಹತ್ತಿದಾಗ, ಮುಂದೆ ಏನಾಗುತ್ತದೆ ಎಂದು ಕೇಳಿದವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಆಕಾಶದಿಂದ ನನಗೆ ಯಾವ ದನಿಯೂ ಕೇಳಿಸಿರಲಿಲ್ಲ. ಭಾನುವಾರ ಶಾಲೆಯ ಮಕ್ಕಳ ಜೊತೆ, ಆಸ್ಪತ್ರೆಯಲ್ಲಿ ಮಲಗಿದ್ದ ಸಭೆಯವರ ಹಾಸಿಗೆಯ ಬಳಿ, ಸಾವಿನ ಮನೆಗಳಲ್ಲಿ ಕಳೆದ ಗಳಿಗೆಗಳು ಮನಸ್ಸಿನಲ್ಲಿ ಉಳಿದುಕೊಳ್ಳುತ್ತಿದ್ದವು. ಹಲಗೆಯ ಮೇಲೆ ಸಮೀಕರಣ ಬರೆಯುತ್ತಿರುವಾಗಲೂ ಅವು ನನ್ನನ್ನು ಬಿಡುತ್ತಿರಲಿಲ್ಲ. ಐದು ವರ್ಷ ಅದನ್ನು ಯಾರಿಗೂ ಹೇಳದೆ ಪ್ರಾರ್ಥಿಸಿದೆ. ಆಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ನನ್ನ ಯಜಮಾನರಿಗೆ ಹೇಳಿದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಕಪಾಟಿನಲ್ಲಿಟ್ಟು, "ಹಾಗಾದರೆ ಮಕ್ಕಳ ಶುಲ್ಕದ ಲೆಕ್ಕ ನೋಡೋಣ" ಎಂದರು. ಅವರ ಒಪ್ಪಿಗೆ ಅಷ್ಟೇ ಆಗಿತ್ತು.

ಅಭ್ಯರ್ಥಿಗಳ ಸಂದರ್ಶನದಲ್ಲಿ ಹಿರಿಯರೊಬ್ಬರು, ಮನೆಯಲ್ಲಿ ಇಬ್ಬರು ಮಕ್ಕಳಿರುವಾಗ ಈ ವಯಸ್ಸಿನಲ್ಲಿ ಒಬ್ಬ ಹೆಂಗಸಿಗೆ ಇದೆಲ್ಲ ಏಕೆ ಎಂದು ಕೇಳಿದ್ದರು. ನಮ್ಮ ದಕ್ಷಿಣ ಭಾರತ ಸಭೆಯು ಮೊದಲ ಬಾರಿಗೆ ಮಹಿಳೆಗೆ ಸಭಾಪಾಲನಾ ದೀಕ್ಷೆ ಕೊಟ್ಟದ್ದು 1976ರಲ್ಲಿ. ನಾನು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ನನಗಿಂತ ಹಳೆಯದಾದ ಒಂದು ತೀರ್ಮಾನಕ್ಕೆ ನಾನು ಮತ್ತೆ ಸಮಜಾಯಿಷಿ ಕೊಡಬೇಕಾಗಿ ಬಂದಾಗ ದುಃಖವಾಯಿತು. ಆ ಹಿರಿಯರು ಕಳೆದ ಭಾನುವಾರ ಮೂರನೆಯ ಸಾಲಿನಲ್ಲಿ ಕುಳಿತಿದ್ದರು, ಕೊನೆಗೆ ಬಂದು ನನ್ನ ಕೈ ಕುಲುಕಿದರು. ಅವರಿಗೂ ನನ್ನ ವಂದನೆ ಸಲ್ಲುತ್ತದೆ.

ಕಾಲೇಜಿನ ಮೂರನೆಯ ವರ್ಷದಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ಯಜಮಾನರು ಆಸ್ಪತ್ರೆ ಸೇರಿದ್ದು, ಆಮೇಲಿನ ಏಳು ತಿಂಗಳು, ಅವರ ಕೆಲಸ ಹೋದದ್ದು, ಇವನ್ನು ಮತ್ತೆ ವಿವರಿಸುವುದಿಲ್ಲ. ಆ ಕಾಲದಲ್ಲಿ ನನ್ನ ಹಾಜರಾತಿಯ ಕೊರತೆಯನ್ನು ಸಹಿಸಿಕೊಂಡು, ಮನೆಗೇ ಬಂದು ಪಾಠ ಹೇಳಿದ ಗುರುಗಳಿಗೆ, ಕೋವಿಡ್ ಬಂದು ತರಗತಿಗಳೆಲ್ಲ ಫೋನಿಗೆ ಇಳಿದಾಗ ಟಿಪ್ಪಣಿಗಳನ್ನು ಬರೆದು ಕಳುಹಿಸಿದ ಸಹಪಾಠಿಗಳಿಗೆ, 40 ದಿನ ಸರದಿಯಂತೆ ಮಧ್ಯಾಹ್ನದ ಊಟ ತಂದುಕೊಟ್ಟ ಸ್ತ್ರೀಯರ ಕೂಟಕ್ಕೆ, ನನ್ನ ಮಗಳನ್ನು ಹತ್ತನೆಯ ತರಗತಿ ದಾಟಿಸಿದ ಹಳೆಯ ಸಹೋದ್ಯೋಗಿಗಳಿಗೆ, ಹೆಸರು ಹೇಳದೆ ಆಸ್ಪತ್ರೆಯ ಬಿಲ್ಲು ಕಟ್ಟಿದವರಿಗೆ, ರಾತ್ರಿ ಪಾಳಿಯ ದಾದಿಯರಿಗೆ ನಾನು ಹೃದಯಪೂರ್ವಕ ಋಣಿ.

ಈಗ ನಾನು, ನಮ್ಮ ದೇವಾಲಯದ ಗಂಟೆ ಬಾರಿಸುವ ಗಂಟೆ ಅಜ್ಜನ ಬಗ್ಗೆ ಬರೆಯಬೇಕು. ಅವರು ತಮ್ಮ ಹೆಸರು ಬರೆಯಬಾರದೆಂದು ಹೇಳಿದ್ದಾರೆ. ನಮ್ಮ ಸಭೆಯ ಮಕ್ಕಳು ಕರೆಯುವ ಹೆಸರೇ ಸಾಕು.

ಅದು ನವೆಂಬರ್ ತಿಂಗಳ ಒಂದು ಶನಿವಾರದ ರಾತ್ರಿ. ಬೆಳಗಿನವರೆಗೆ ಏನನ್ನೂ ಹೇಳಲಾಗದು ಎಂದು ವೈದ್ಯರು ಹೇಳಿ ಹೋಗಿದ್ದರು. ಬಂದಿದ್ದವರೆಲ್ಲ ಪ್ರಾರ್ಥಿಸಿ, ಧೈರ್ಯ ಹೇಳಿ, ಒಂಬತ್ತು ಗಂಟೆಯೊಳಗೆ ಮನೆಗೆ ಮರಳಿದ್ದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ, ಮಾರನೆಯ ದಿನ ಭಾನುವಾರ, ಎಲ್ಲರಿಗೂ ಮನೆ ಮಕ್ಕಳು ಇದ್ದರು. ಹತ್ತು ಗಂಟೆಯ ಹೊತ್ತಿಗೆ ಅಜ್ಜ ಬಂದರು. ಅವರ ಕೈಯಲ್ಲಿ ಗಂಜಿ ತುಂಬಿದ ಉಗ್ಗ, ಮೇಲಿನ ತಟ್ಟೆಯಲ್ಲಿ ಎರಡು ತುಂಡು ಮಾವಿನ ಉಪ್ಪಿನಕಾಯಿ, ಕಂಕುಳಲ್ಲಿ ಮಡಿಸಿದ ಚಾಪೆ. ಐಸಿಯುವಿನ ಬಾಗಿಲಿನ ಎದುರಿಗಿದ್ದ ಕಬ್ಬಿಣದ ಕುರ್ಚಿಯಲ್ಲಿ ನನ್ನ ಪಕ್ಕ ಕುಳಿತು, "ಉಣ್ಣು ಮಗಳೇ" ಎಂದರು. ನಾನು ಉಣ್ಣಲಿಲ್ಲ. ಅವರು ಮತ್ತೆ ಒತ್ತಾಯಿಸಲಿಲ್ಲ. ಪಾತ್ರೆಯ ಮೇಲೆ ತಮ್ಮ ಹೆಗಲಿನ ಬೈರಾಸನ್ನು ಮುಚ್ಚಿಟ್ಟರು.

ಎರಡು ಗಂಟೆಯ ಸುಮಾರಿಗೆ ಒಳಗಿನಿಂದ ದಾದಿಯೊಬ್ಬರು ಓಡಿ ಬಂದು ಮತ್ತೆ ಓಡಿದರು. ಆಗ ನಾನು ಅಜ್ಜನ ಕಡೆಗೆ ತಿರುಗಿ ಹೇಳಿದ ಮಾತನ್ನು ಸಭೆಯ ಮುಂದೆ ಮರೆಮಾಡುವುದು ಸರಿಯಲ್ಲ. ದೇವರು ನನಗೆ ಮೋಸ ಮಾಡಿದ್ದಾನೆ ಎಂದೆ. ಸಂಬಳ ಬಿಡಿಸಿದ, ಶಾಲೆ ಬಿಡಿಸಿದ, ಈಗ ಇವರನ್ನೂ ತೆಗೆದುಕೊಳ್ಳುತ್ತಾನೆ, ಇಂಥವನ ಸೇವೆ ನನಗೆ ಬೇಡ ಎಂದೆ. ಇದನ್ನು ಮೆಲುದನಿಯಲ್ಲಿ ಹೇಳಲಿಲ್ಲ. ದೂರದ ಕುರ್ಚಿಯಲ್ಲಿ ಮಲಗಿದ್ದವರು ಎದ್ದು ನೋಡಿದರು. ಅಂದಿಗೆ ಮೂರು ವಾರದ ಹಿಂದೆ ಕಾಲೇಜಿನ ಪ್ರಾರ್ಥನಾಲಯದಲ್ಲಿ ನಾನು ಅಬ್ರಹಾಮನ ಬಗ್ಗೆ ಪ್ರಸಂಗ ಮಾಡಿದ್ದೆ. ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆಯೇ ಹೊರಟನು ಎಂಬ, ಬೈಬಲಿನ ಇಬ್ರಿಯರ ಪತ್ರಿಕೆಯ ಮಾತನ್ನು ಹಿಡಿದು ಅರ್ಧ ಗಂಟೆ ಮಾತನಾಡಿದ್ದೆ. ಆ ಬಾಗಿಲಿನ ಮುಂದೆ ಅದರ ಒಂದು ಪದವೂ ನನ್ನ ನೆರವಿಗೆ ಬರಲಿಲ್ಲ.

ಅಜ್ಜ ನನ್ನನ್ನು ತಿದ್ದಲಿಲ್ಲ, ವಚನ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಂಚಿನ ವಿಷಯ ತೆಗೆದರು. ಅವರು 30 ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಅಜ್ಜ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಆರಂಭಿಸಿದ ಕಾರ್ಖಾನೆಯಲ್ಲಿ ದುಡಿದಿದ್ದರಂತೆ. ದೀಕ್ಷಾಸ್ನಾನ ಹೊಂದಿದ ಕಾರಣಕ್ಕೆ ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆಯ ಮನೆಗಳನ್ನೂ ಹಂಚಿನ ಕಾರ್ಖಾನೆಗಳನ್ನೂ ಮಿಶನ್ ಕಟ್ಟಿದ್ದು ನಮಗೆ ತಿಳಿದದ್ದೇ. ಅಜ್ಜ ಚರಿತ್ರೆ ಹೇಳಲಿಲ್ಲ, ಕೆಲಸ ಹೇಳಿದರು. ನೇತ್ರಾವತಿಯ ಕಡೆಯಿಂದ ದೋಣಿಯಲ್ಲಿ ಬರುತ್ತಿದ್ದ ಜೇಡಿಮಣ್ಣು ಹೇಗೆ ಬೆರಳಿಗೆ ಅಂಟುತ್ತಿತ್ತು, ಅಚ್ಚಿನಿಂದ ಇಳಿದ ಹಸಿ ಹಂಚನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿಯದಿದ್ದರೆ ಹೇಗೆ ಸೊಟ್ಟಗಾಗುತ್ತಿತ್ತು, ಬಿಸಿಲಿಗೆ ಇಟ್ಟರೆ ಬಿರುಕು ಬಿಡುವುದರಿಂದ ಹೇಗೆ ನೆರಳಿನಲ್ಲೇ ಒಣಗಿಸಬೇಕಿತ್ತು, ಭಟ್ಟಿಯ ಬಾಯಿಯನ್ನು ಮುಚ್ಚಿ ಬೆಂಕಿ ಹಾಕಿದ ಮೇಲೆ ಒಳಗಿನ ಹಂಚು ಏನಾಯಿತೆಂದು ಹೇಗೆ ಯಾರಿಗೂ ಕಾಣುತ್ತಿರಲಿಲ್ಲ ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಖಣ್ ಎಂದರೆ ಒಳ್ಳೆಯದು, ಬೊದ್ದು ದನಿ ಬಂದರೆ ಬಿರುಕಿದೆ ಎಂದು ಹೇಳಿ, ಕುರ್ಚಿಯ ಕಬ್ಬಿಣವನ್ನೇ ಗೆಣ್ಣಿನಿಂದ ತಟ್ಟಿ ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಸೆರೆಹಿಡಿದು ಕರೆದೊಯ್ದಾಗ, ನಾಳೆ ಕಾರ್ಖಾನೆಯ ಬಾಗಿಲು ತೆರೆಯುವುದೋ ಇಲ್ಲವೋ ಯಾರಿಗೂ ಗೊತ್ತಿಲ್ಲದಿದ್ದರೂ ತಮ್ಮ ಅಜ್ಜ ಮಾರನೆಯ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡೇ ಹೊರಟಿದ್ದರು ಎಂದರು. ತಾವು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ದಿನ ತಾವು ಮನೆಗೆ ಹೋಗದೆ ನದಿಯ ದಂಡೆಯಲ್ಲಿ ಕತ್ತಲಾಗುವವರೆಗೆ ಕುಳಿತಿದ್ದುದನ್ನೂ ಹೇಳಿದರು. ಅವರು ಇದನ್ನೆಲ್ಲ ಹೇಳಿದ್ದು ತುಳುವಿನಲ್ಲಿ. ಆ ಮಾತಿನ ಸವಿಯನ್ನು ಇಲ್ಲಿ ತರಲು ನನಗೆ ಸಾಧ್ಯವಾಗಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ನಾನು ಬೈರಾಸು ತೆಗೆದು ತಣ್ಣಗಾದ ಗಂಜಿಯನ್ನು ಉಂಡೆ. ಆರೂವರೆಗೆ ವೈದ್ಯರು ಹೊರಗೆ ಬಂದು, ಅಪಾಯ ದಾಟಿದೆ ಎಂದರು.

ಆ ರಾತ್ರಿಯಿಡೀ ಅಜ್ಜನ ಬಲಗೈಯ ಮುಷ್ಟಿ ಅನೇಕ ಸಲ ಜುಬ್ಬಾದ ಕಿಸೆಗೆ ಹೋಗಿ ಬರುತ್ತಿದ್ದುದನ್ನು ನಾನು ಕಂಡಿದ್ದೆ. ಕಾರಣ ತಿಳಿದದ್ದು ಎರಡು ತಿಂಗಳ ಮೇಲೆ, ಅದೂ ಬೇರೆಯವರಿಂದ. 19 ವರ್ಷಗಳಲ್ಲಿ ಜ್ವರವಿರಲಿ, ಮಳೆಯಿರಲಿ, ಒಂದು ಭಾನುವಾರವೂ ಅವರು ಗಂಟೆ ತಪ್ಪಿಸಿದವರಲ್ಲ. ಗಂಟೆಯ ಗೋಪುರದ ಬೀಗದ ಕೈ, ಸವೆದ ಹಗ್ಗದ ತುಂಡಿಗೆ ಕಟ್ಟಿದ್ದು, ಆ ಕಿಸೆಯಲ್ಲಿತ್ತು. ಐದು ಗಂಟೆಗೆ ಅವರು ಹೊರಟಿದ್ದರೆ ಸಮಯಕ್ಕೆ ಸರಿಯಾಗಿ ತಲುಪುತ್ತಿದ್ದರು. ನಾನು ಆಗ ಅವರ ತೋಳಿಗೆ ತಲೆಯಾನಿಸಿ ನಿದ್ದೆಹೋಗಿದ್ದೆನಂತೆ. ಅವರು ಕದಲಲಿಲ್ಲ. ಮೊಮ್ಮಗನನ್ನು ಕರೆಸಿ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಅಂದು ಗಂಟೆ ಕಾಲು ಗಂಟೆ ತಡವಾಗಿ ಬಾರಿಸಿತು, ಕೆಲವರು ಆಕ್ಷೇಪಿಸಿದರು, ಅಜ್ಜ ಯಾರಿಗೂ ಕಾರಣ ಹೇಳಲಿಲ್ಲ. ಗೆತ್ಸೆಮನೆಯ ತೋಟದಲ್ಲಿ ಒಂದು ಗಳಿಗೆ ಎಚ್ಚರವಾಗಿರಲಾರದೆ ಹೋದ ಯೇಸುವಿನ ಶಿಷ್ಯರ ಕಥೆಯನ್ನು ಪ್ರತಿ ಶುಭ ಶುಕ್ರವಾರದ ಹಿಂದಿನ ರಾತ್ರಿ ಓದುವಾಗ, ನನಗೆ ಆ ಕಬ್ಬಿಣದ ಕುರ್ಚಿಯೂ ಅಲುಗಾಡದ ಆ ತೋಳೂ ನೆನಪಾಗುತ್ತವೆ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ಆ ದಿನಗಳಲ್ಲಿ ಕೆಲವರು ಇದು ದೇವರ ಪರೀಕ್ಷೆ ಎಂದರು. ಇನ್ನು ಕೆಲವರು ಕರೆ ನಿಜವಾಗಿರಲಿಲ್ಲವೆಂಬುದಕ್ಕೆ ಇದೇ ಗುರುತು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೂ ಕಷ್ಟದಲ್ಲಿರುವ ಇನ್ನೊಬ್ಬರಿಗೆ ದಯವಿಟ್ಟು ಹಾಗೆ ಹೇಳಬೇಡಿ. ನನ್ನನ್ನು ಕರೆದ ದೇವರು ನನ್ನ ಗಂಡನ ದೇಹವನ್ನು ಪ್ರಶ್ನೆಪತ್ರಿಕೆ ಮಾಡಿಕೊಂಡನೆಂದು ನಾನು ನಂಬುವುದಿಲ್ಲ. ಆ ರಾತ್ರಿ ಆತನು ಎಲ್ಲಿದ್ದನೆಂಬ ಪ್ರಶ್ನೆಗೆ ನನಗೆ ಪೂರ್ಣ ಉತ್ತರ ಸಿಕ್ಕಿಲ್ಲ. ನನ್ನ ಕೂಗನ್ನು ಕೇಳಿಯೂ ಆತನು ತನ್ನ ಕರೆಯನ್ನು ಹಿಂತೆಗೆದುಕೊಳ್ಳಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಅದರ ಮೇಲೆ ಕಾಲೂರಿ ನಿಂತಿದ್ದೇನೆ.

ಅಬ್ರಹಾಮನ ಕಥೆಯನ್ನು ಈಗ ಓದುವಾಗ ನನ್ನ ಕಣ್ಣು ಅವನ ಹೆಂಡತಿ ಸಾರಯಳ ಮೇಲೆ ನಿಲ್ಲುತ್ತದೆ. ಹಾರಾನ್ ಪಟ್ಟಣ ಬಿಟ್ಟು ಹೊರಟಾಗ, ಇನ್ನೂ ಅಬ್ರಾಮನೆಂಬ ಹೆಸರಿದ್ದ ಅವನಿಗೆ 75 ವರ್ಷ ವಯಸ್ಸೆಂದು ಆದಿಕಾಂಡ ಲೆಕ್ಕ ಕೊಡುತ್ತದೆ. ದೇವರು ಅವನೊಡನೆ ಮಾತನಾಡಿದ್ದೂ ಇದೆ. ಸಾರಯಳೊಡನೆ ಆಗ ಯಾರೂ ಮಾತನಾಡಿದಂತೆ ಬರೆದಿಲ್ಲ. ಕರೆಯನ್ನು ಕೇಳಿಸಿಕೊಂಡವನ ನಂಬಿಕೆ ದೊಡ್ಡದು ನಿಜ. ಕರೆಯನ್ನು ಕೇಳಿಸಿಕೊಳ್ಳದೆಯೇ, ಕೇಳಿಸಿಕೊಂಡವರ ಮಾತನ್ನು ನಂಬಿ ಗಂಟುಮೂಟೆ ಕಟ್ಟಿದವಳ ನಂಬಿಕೆಯ ಬಗ್ಗೆ ನಾವು ಇನ್ನೂ ಹೆಚ್ಚು ಪ್ರಸಂಗ ಮಾಡಬೇಕು. ನಮ್ಮ ಮನೆಯಲ್ಲಿ ಆ ಸ್ಥಾನ ನನ್ನ ಯಜಮಾನರದು. ಊರುಗೋಲು ಹಿಡಿದು ನಡೆಯುವ ಅವರು ಒಂದು ದಿನವೂ, ನೀನು ಶಾಲೆಯಲ್ಲಿಯೇ ಇದ್ದಿದ್ದರೆ ಎಂದು ಮಾತು ಆರಂಭಿಸಿದವರಲ್ಲ. ಪ್ರಿಯರೇ, ನಿಮಗೆ ನಾನು ಇಲ್ಲಿ ಧನ್ಯವಾದ ಹೇಳಿದರೆ ನೀವು ಸಂಕೋಚಪಡುತ್ತೀರಿ, ಆದರೂ ಹೇಳುತ್ತಿದ್ದೇನೆ.

ನನ್ನನ್ನು ಕೊಡಗಿನ ಒಂದು ಸಭೆಗೆ ನೇಮಿಸಿದ್ದಾರೆ. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1853ರಲ್ಲಿ ಮಂಗಳೂರಿನಿಂದ ಸೋಮಯ್ಯ ಎಂಬ ಕೊಡವನೊಡನೆ ಘಟ್ಟ ಹತ್ತಿ ಹೋದ ಸೀಮೆ ಅದು. ಮಂಗಳೂರಿನ ಮೊದಲ ಪತ್ರಿಕೆಯನ್ನು 10 ವರ್ಷ ಹಿಂದೆ ಹೊರಡಿಸಿದ್ದ ಅವರಿಗೂ ಅಲ್ಲಿ ಏನು ಕಾದಿದೆಯೆಂದು ತಿಳಿದಿರಲಿಲ್ಲ. ನಮಗೂ ತಿಳಿಯದು. ಯಜಮಾನರಿಗೆ ಅಲ್ಲಿನ ಚಳಿ ಒಗ್ಗುವುದೋ, ಅವರ ತಪಾಸಣೆಗೆ ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಬರಲು ಮಳೆಗಾಲದಲ್ಲಿ ಆಗುವುದೋ, ಮಗನಿಗೆ ಕಾಲೇಜು ಎಲ್ಲಿ ಎಂಬ ಯಾವುದೂ ಇನ್ನೂ ತೀರ್ಮಾನವಾಗಿಲ್ಲ. ಪ್ರಾರ್ಥನೆಯಲ್ಲಿ ಈ ಮೂರನ್ನೂ ನೆನೆಯಿರಿ.

ಆ ದೇವಾಲಯದ ಮಾಡಿನ ಹಂಚುಗಳಲ್ಲಿ ಕೆಲವು ಒಡೆದು ಸೋರುತ್ತಿವೆ ಎಂದು ಅಲ್ಲಿನ ಹಿರಿಯರು ಪತ್ರ ಬರೆದಿದ್ದಾರೆ. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಹಂಚಿನ ರಾಶಿ ಅಂಗಳದಲ್ಲಿದೆಯಂತೆ. ನಾನು ಇದನ್ನು ಓದಿ ಹೇಳಿದಾಗ ಅಜ್ಜ, ಮಾಡು ಹತ್ತುವ ವಯಸ್ಸು ತಮ್ಮದಲ್ಲ, ಆದರೆ ಕೆಳಗೆ ಕುಳಿತು ಒಂದೊಂದನ್ನೂ ತಟ್ಟಿ ಒಳ್ಳೆಯದನ್ನು ಆರಿಸಿಕೊಡುವೆನೆಂದರು. ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ನಾವು ಹೊರಡುತ್ತೇವೆ. ವಾಹನದ ಮುಂದಿನ ಸೀಟನ್ನು ಅಜ್ಜನಿಗೆ ಇಟ್ಟಿದ್ದೇವೆ. ಆ ಭಾನುವಾರದ ಗಂಟೆಗೆ ಮೊಮ್ಮಗನನ್ನು ಈಗಲೇ ಒಪ್ಪಿಸಿ, ಸಮಯಕ್ಕೆ ಸರಿಯಾಗಿ ಬಾರಿಸಬೇಕೆಂದು ಅವನಿಗೆ ಎರಡು ಸಲ ಹೇಳಿದ್ದಾರೆ.