ಗವರ್ನರ್ ಜನರಲ್‌ಗೆ ಫ್ರೆಂಚ್ ಬಾರದಿದ್ದರೆ

ಒಟ್ಟಾವಾ
20 ಅಕ್ಟೋಬರ್ 2024

ತೀರ್ಥರೂಪ ಅಪ್ಪನವರಿಗೆ ಮಗನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ಕೆನಡಾದ ಗವರ್ನರ್ ಜನರಲ್‌ಗೆ, ಅಂದರೆ ಇಲ್ಲಿ ದೊರೆಯ ಪ್ರತಿನಿಧಿಯಾದವರಿಗೆ, ದೇಶದ ಆಡಳಿತ ಭಾಷೆಯೇ ಬಾರದಿದ್ದರೆ ಹೇಗೆ ಎಂದು ಕಳೆದ ವಾರ ನೀವು ಕೇಳಿದ್ದಕ್ಕೆ ಫೋನಿನಲ್ಲಿ ನೆಟ್ಟಗೆ ಉತ್ತರಿಸಲಾಗಲಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಆ ಗವರ್ನರ್ ಜನರಲ್ ಮೇರಿ ಸೈಮನ್ ಅವರು 1947ರಲ್ಲಿ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯ ನುನಾವಿಕ್ ಸೀಮೆಯಲ್ಲಿ ಹುಟ್ಟಿದ, ಉತ್ತರ ಧ್ರುವದ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನಾಂಗದ ಮಹಿಳೆ. 2021ರ ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದಾಗ ಮೂಲನಿವಾಸಿಗಳಲ್ಲಿ ಆ ಸ್ಥಾನಕ್ಕೇರಿದ ಮೊದಲಿಗರಾದರು. ಇನುಯಿಟ್ ಜನರ ನುಡಿಯಾದ ಇನುಕ್ಟಿಟುಟ್ ಮತ್ತು ಇಂಗ್ಲಿಷ್ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ 1969ರ ಕಾಯ್ದೆಯ ಪ್ರಕಾರ ಇಲ್ಲಿನ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್ ಎರಡೇ. ಅವರಿಗೆ ಫ್ರೆಂಚ್ ಬಾರದೆಂದು ಭಾಷಾ ಆಯುಕ್ತರ ಕಚೇರಿಗೆ ನೂರಾರು ದೂರುಗಳು ಹೋದವು. ಕಳೆದ ತಿಂಗಳು ಕ್ವಿಬೆಕ್ ನಗರದಲ್ಲಿ ನಿರ್ಗತಿಕರಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಹೋದಾಗ ಅವರು ಫ್ರೆಂಚಿನಲ್ಲಿ ಮಾತಾಡಲಾಗದೆ ಹೋದದ್ದು ಪತ್ರಿಕೆಗಳಿಗೆ ಮತ್ತೆ ಸುದ್ದಿಯಾಯಿತು.

ಇಲ್ಲಿನ ಫ್ರೆಂಚ್ ಭಾಷಿಕರ ಸಂಕಟ ಸುಳ್ಳಲ್ಲ ಅಪ್ಪ. ನಮ್ಮ ಕಚೇರಿಯ ಸಭೆಯಲ್ಲಿ ಏಳು ಮಂದಿ ಫ್ರೆಂಚಿನಲ್ಲಿ ಹರಟುತ್ತಿರುತ್ತಾರೆ. ನಾನೊಬ್ಬ ಒಳಗೆ ಹೋಗಿ ಕುರ್ಚಿ ಎಳೆದುಕೊಂಡರೆ ಸಾಕು, ಏಳೂ ಮಂದಿ ಇಂಗ್ಲಿಷಿಗೆ ಹೊರಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ, ಆದರೂ ನನಗೆ ಮುಜುಗರ. ನಮ್ಮ ರಾಜ್ಯಪಾಲರು ಜಂಟಿ ಅಧಿವೇಶನದಲ್ಲಿ ಹಿಂದಿಯಲ್ಲಿ ಭಾಷಣ ಓದುವಾಗ ನೀವು ಟೀವಿಯ ದನಿ ತಗ್ಗಿಸುವುದಿಲ್ಲವೇ, ಆ ಬೇಸರವೇ ಇವರದೂ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಂತೂ ಇಂಗ್ಲಿಷ್ ಮಾತ್ರ ಬಲ್ಲ ಲೆಫ್ಟಿನೆಂಟ್ ಗವರ್ನರ್ (ಪ್ರಾಂತ್ಯದಲ್ಲಿ ದೊರೆಯ ಪ್ರತಿನಿಧಿ) ನೇಮಕ ಸಂವಿಧಾನಕ್ಕೆ ವಿರುದ್ಧವೆಂದು 2022ರಲ್ಲಿ ನ್ಯಾಯಾಲಯವೊಂದು ತೀರ್ಪಿತ್ತಿತ್ತು; ಈ ವರ್ಷ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು.

ಆದರೆ ಸೈಮನ್ ಅವರು ಓದಿದ್ದು ಒಕ್ಕೂಟ ಸರ್ಕಾರವೇ ನಡೆಸುತ್ತಿದ್ದ ಶಾಲೆಯಲ್ಲಿ. ಅಲ್ಲಿ ಫ್ರೆಂಚ್ ಕಲಿಯುವ ಅವಕಾಶ ತಮಗೆ ಸಿಗಲೇ ಇಲ್ಲವೆಂದು ಅವರು ಹೇಳಿದ್ದಾರೆ. ಕಲಿಸದೆ ಬಿಟ್ಟ ಸರ್ಕಾರ ಹಿಂದೆ ನಿಂತು, ಕಲಿಯದ ಹುಡುಗಿ ಮುದುಕಿಯಾದ ಮೇಲೆ ಉತ್ತರ ಹೇಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಹೌದು, ಕಲಿಯುತ್ತೇನೆಂದು ಮಾತು ಕೊಟ್ಟು ಮೂರು ವರ್ಷವಾಯಿತು. ಆ ವಿಷಯದಲ್ಲಿ ನಾನು ಅವರ ಪರ ವಾದಿಸಲಾರೆ. ಎಪ್ಪತ್ತಮೂರರಲ್ಲಿ ಹೊಸ ಭಾಷೆಗೆ ಕೈಹಾಕುವ ಕಷ್ಟ ಮೂವತ್ತೆಂಟರ ನನಗೇ ಗೊತ್ತಿದ್ದರೂ ಕೂಡ. ಈ ಎರಡೂ ಭಾಷೆಗಳು ಹಡಗು ಹತ್ತಿ ಬರುವ ಮೊದಲೇ ಇಲ್ಲಿದ್ದ ನುಡಿಯೊಂದನ್ನು ಬಲ್ಲವರನ್ನು ‘ಒಂದೇ ಭಾಷೆಯವರು’ ಎಂದು ಲೆಕ್ಕ ಹಾಕುವ ನಿಯಮಕ್ಕಂತೂ ನನ್ನ ಮನಸ್ಸು ಒಗ್ಗುವುದಿಲ್ಲ.

ತರಗತಿಯಲ್ಲಿ ತುಳು ಆಡಿದವರಿಗೆ ನಾಲ್ಕಾಣೆ ದಂಡ ಹಾಕುತ್ತಿದ್ದ ನೀವು, ಸಂಜೆ ಆ ಚಿಲ್ಲರೆಯನ್ನು ಡಬ್ಬಿಗೆ ಹಾಕುತ್ತಾ ಅಮ್ಮನಿಗೆ ತುಳುವಿನಲ್ಲೇ ಲೆಕ್ಕ ಒಪ್ಪಿಸುತ್ತಿದ್ದದ್ದು ನೆನಪಿದೆಯೇ? ನನ್ನದೇ ಒಂದೂವರೆ ರೂಪಾಯಿ ಆ ಡಬ್ಬಿಯಲ್ಲಿದೆ.

ಮುಂದಿನ ತಿಂಗಳು ನನಗೆ ಫ್ರೆಂಚ್ ಮೌಖಿಕ ಪರೀಕ್ಷೆ. ಇದು ಮೂರನೆಯ ಸಲ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗ