ವಿಕೋಪದ ಹೆಸರಲ್ಲಿ ಗರ್ಭಪಾತ ಬೇಡ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ,
ಲೋಕಸಭಾ ಸದಸ್ಯರು, ಉತ್ತರ ಕನ್ನಡ

ನಮಸ್ಕಾರ.

ನಾನು ಹೊನ್ನಾವರದ ಕಡೆಯವಳು. ಕಥೋಲಿಕ ಕ್ರೈಸ್ತಳು, ಇಬ್ಬರು ಮಕ್ಕಳ ತಾಯಿ, ನಿಮ್ಮ ಕ್ಷೇತ್ರದ ಮತದಾರೆ. ಕಾನೂನಿನ ಒಂದೇ ಒಂದು ಸಾಲಿನ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ನಮ್ಮಂಥ ಮಳೆ ಜಿಲ್ಲೆಗೆ ನೇರವಾಗಿ ತಟ್ಟುವ ಸಾಲು ಅದು. ಆದರೂ ನಮ್ಮಲ್ಲಿ ಅದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

2021ರಲ್ಲಿ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಗೆ ತಿದ್ದುಪಡಿ ತಂದಿತು. 1971ರ ಮೂಲ ಕಾಯ್ದೆಯಲ್ಲಿ ಸಾಮಾನ್ಯವಾಗಿ 20 ವಾರ ಮಿತಿ ಇತ್ತು. ತಿದ್ದುಪಡಿಯಾದ ಮೇಲೆ, ಇಬ್ಬರು ವೈದ್ಯರು ಒಪ್ಪಿದರೆ, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೂ ಗರ್ಭಪಾತಕ್ಕೆ ಅವಕಾಶ ಸಿಕ್ಕಿತು. ಆ ವರ್ಗಗಳು ಯಾವುವು ಎಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ಹುಡುಗಿಯರು, ಬಸಿರಿರುವಾಗಲೇ ಗಂಡನನ್ನು ಕಳೆದುಕೊಂಡವರು, ವಿಚ್ಛೇದನ ಆದವರು, ಅಂಗವೈಕಲ್ಯ ಇರುವವರು, ಹೀಗೆ ಪಟ್ಟಿ ಹೋಗುತ್ತದೆ. ಅದರ ಕೊನೆಯಲ್ಲಿ ಇನ್ನೊಂದು ವರ್ಗ ಇದೆ. ಸರ್ಕಾರ ಘೋಷಿಸಿದ ವಿಕೋಪದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಸಿಲುಕಿದ ಗರ್ಭಿಣಿಯರು.

ಅಂದರೆ ನೆರೆ ಬಂದು ಮನೆ ಹೋಯಿತು, ಗುಡ್ಡ ಕುಸಿದು ತೋಟ ಹೋಯಿತು ಅಂದರೆ, ಆ ಹೆಂಗಸಿನ ಹೊಟ್ಟೆಯಲ್ಲಿರುವ ಐದೂವರೆ ತಿಂಗಳ ಮಗುವನ್ನು ತೆಗೆಸಲು ಕಾನೂನಿನಲ್ಲಿ ಒಂದು ಬಾಗಿಲು ತೆರೆಯುತ್ತದೆ. ವಿಕೋಪಕ್ಕೆ ಸಿಕ್ಕವರಿಗೆ ಪರಿಹಾರ ಏನು ಎಂದು ಕೇಳಿದರೆ ಮನೆ, ಅಕ್ಕಿ, ಬಟ್ಟೆ, ಔಷಧಿ ಎನ್ನುತ್ತೇವೆ. ಆ ಸಾಲಿಗೆ ಗರ್ಭಪಾತ ಹೇಗೆ ಬಂದು ಸೇರಿತು?

ಶಿರೂರಿನ ದಿನಗಳನ್ನು ನೀವು ಮರೆತಿರಲಾರಿರಿ. ನೀವು ಆಗಷ್ಟೇ ಸಂಸದರಾಗಿ ಗೆದ್ದಿದ್ದಿರಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿಗಳು, ಜನ ಎಲ್ಲಾ ಗಂಗಾವಳಿಯ ಪಾಲಾದರು. ನದಿಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಎದ್ದು ಬಡಿಯಿತು. 11 ಜನ ಹೋದರು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಎರಡು ತಿಂಗಳು ದಾಟಿದ ಮೇಲೂ ಹುಡುಕಾಟ ನಡೆಯಿತು. ನೌಕಾಪಡೆಯವರು ಬಂದರು, ಮಲ್ಪೆಯಿಂದ ಈಶ್ವರ್ ಮಲ್ಪೆ ಬಂದು ಕೆಸರು ನೀರಿಗೆ ಧುಮುಕಿದರು, ಗೋವಾದಿಂದ ಡ್ರೆಜ್ಜರ್ ತರಿಸಿದರು. ಕೊನೆಗೆ ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆ ಬಂತು, ಅದರೊಳಗೆ ಅವನ ದೇಹವೂ ಸಿಕ್ಕಿತು.

ಒಬ್ಬನ ದೇಹಕ್ಕಾಗಿ ಇಷ್ಟೆಲ್ಲ ಖರ್ಚು ಯಾಕೆ ಎಂದು ನಮ್ಮ ಜಿಲ್ಲೆಯಲ್ಲಿ ಯಾರೂ ಕೇಳಲಿಲ್ಲ. ಅವನು ನಮ್ಮ ಊರಿನವನಲ್ಲ, ನಮ್ಮ ಭಾಷೆಯವನಲ್ಲ. ಆದರೂ ಮೀನು ಮಾರುವ ಹೆಂಗಸರು ಕೂಡ "ಆ ಹುಡುಗ ಸಿಕ್ಕಿದ್ನಾ?" ಎಂದು ದಿನಾ ವಿಚಾರಿಸುತ್ತಿದ್ದರು. ನನ್ನ ಜಿಲ್ಲೆಯ ಬಗ್ಗೆ ನನಗೆ ಹೆಮ್ಮೆ ಅನ್ನಿಸಿದ ದಿನಗಳು ಅವು. ಕಣ್ಣಿಗೆ ಕಾಣದ, ಕೆಸರಿನಡಿ ಮುಚ್ಚಿಹೋದ ಒಬ್ಬನಿಗೆ ಇಷ್ಟು ಬೆಲೆ ಕೊಟ್ಟವರು ನಾವು. ಅಂಥವರಿಗೆ, ತಾಯಿಯ ಹೊಟ್ಟೆಯಲ್ಲಿ ಕಾಣದೆ ಇರುವ ಜೀವದ ಬೆಲೆಯನ್ನು ವಿವರಿಸುವುದು ಕಷ್ಟ ಆಗಬಾರದು ಎಂದುಕೊಂಡೇ ಈ ಪತ್ರ ಬರೆಯಲು ಕೂತಿದ್ದು.

ಕಾಳಜಿ ಕೇಂದ್ರ ಹೇಗಿರುತ್ತದೆ ಎಂದು ನಿಮಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿದಾಗ ನಮ್ಮ ಇಗರ್ಜಿಯ (ಚರ್ಚಿನ) ಹೆಂಗಸರು ಸೇರಿ ಒಣ ಬಟ್ಟೆ, ಗಂಜಿ, ಉಪ್ಪಿನಕಾಯಿ ಕಟ್ಟಿಕೊಂಡು ಅಂಕೋಲಾ ಕಡೆಯ ಒಂದು ಶಾಲೆಗೆ ಹೋಗಿದ್ದೆವು. ಅಲ್ಲಿ ಒಬ್ಬಳು ಬಸುರಿ ಇದ್ದಳು. ಎರಡು ಬೆಂಚು ಜೋಡಿಸಿ ಅದರ ಮೇಲೆ ಒಂದು ಚಾದರ ಹಾಸಿ ಮಲಗಿಸಿದ್ದರು. ಕಾಲು ಊದಿಕೊಂಡಿತ್ತು. ಶೌಚಾಲಯ ಅಂಗಳದ ಆಚೆ, ನಡುವೆ ಮೊಣಕಾಲುದ್ದ ನೀರು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ತಾಯಿ ಕಾರ್ಡ್. ಮನೆಯಿಂದ ಅವಳು ಹಿಡಿದು ತಂದಿದ್ದು ಅದೊಂದೇ. ಕವರಿನೊಳಗೂ ನೀರು ಹೋಗಿ ಶಾಯಿ ಹರಡಿತ್ತು. "ಅಕ್ಕಾ, ಸ್ಕ್ಯಾನಿಂಗ್ ರಿಪೋರ್ಟ್ ನೆನೆದು ಹೋಯ್ತು, ಡಾಕ್ಟರ್ ಬೈತಾರಾ?" ಎಂದು ಕೇಳಿದಳು. ಪಕ್ಕದಲ್ಲೇ ಇದ್ದ ಒಬ್ಬರು "ಇಂಥ ಹೊತ್ತಲ್ಲಿ ಇದೊಂದು ಬೇರೆ" ಎಂದು ಗೊಣಗಿದರು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಅವಳಿಗೆ ಬೇಕಾಗಿದ್ದು ಒಂದು ಮಂಚ, ಹತ್ತಿರದಲ್ಲೊಂದು ಶೌಚಾಲಯ, ಬಿಸಿ ಊಟ, ರಕ್ತದೊತ್ತಡ ನೋಡಲು ಒಬ್ಬ ನರ್ಸ್. "ಹೆದರಬೇಡ, ನಾವಿದ್ದೇವೆ" ಎನ್ನುವ ಒಂದು ಮಾತು. ಈ ನಿಯಮ ಆಗಲೇ ಬಂದಿದ್ದು, ಆ ಹೊತ್ತಲ್ಲಿ ಯಾರಾದರೂ ಬಿಳಿ ಕೋಟು ಹಾಕಿಕೊಂಡು ಬಂದು "ನಿನ್ನ ಪರಿಸ್ಥಿತಿ ಸರಿಯಿಲ್ಲ, ಬೇಕಾದರೆ ತೆಗೆಸಿಬಿಡಬಹುದು, ಕಾನೂನಿದೆ" ಎಂದಿದ್ದರೆ? ಅವಳು ಹೂಂ ಅಂದಿದ್ದರೆ ಅದನ್ನು ಅವಳ ಇಚ್ಛೆ ಎಂದು ಬರೆದುಕೊಳ್ಳಬಹುದಾ?

ಇದು ಹೆಣ್ಣಿನ ಆಯ್ಕೆ, ಸರ್ಕಾರ ಒತ್ತಾಯ ಮಾಡುವುದಿಲ್ಲವಲ್ಲ ಎನ್ನುವವರಿದ್ದಾರೆ. ಅವರ ಮನಸ್ಸು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಆ ಆಯ್ಕೆ ಹೇಗಿದೆ ನೋಡಿ. ಮನೆ ಬೇಕು ಅಂದರೆ ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ, ಫೋಟೋ, ಜಾಗದ ದಾಖಲೆ, ಇಂಜಿನಿಯರ್ ವರದಿ, ಕಂತು ಕಂತಾಗಿ ದುಡ್ಡು. ವರ್ಷ ಕಳೆದರೂ ತಗಡಿನ ಶೆಡ್ಡಿನಲ್ಲೇ ಇರುವವರನ್ನು ನೀವೂ ನೋಡಿದ್ದೀರಿ. ಗರ್ಭಪಾತಕ್ಕೆ ಇಬ್ಬರು ವೈದ್ಯರ ಸಹಿ ಸಾಕು. ಎಲ್ಲ ಕಳೆದುಕೊಂಡವಳ ಮುಂದೆ ಸೂರನ್ನು ದೂರದಲ್ಲಿಟ್ಟು, ಗರ್ಭಪಾತವನ್ನು ಹತ್ತಿರದಲ್ಲಿಟ್ಟು, ನಿನಗೆ ಬೇಕಾದ್ದು ಆರಿಸಿಕೋ ಎಂದರೆ ಅದು ಆಯ್ಕೆ ಅಲ್ಲ. ಬಡವರಿಗೆ ಯಾವುದು ಸುಲಭವಾಗಿ ಸಿಗುತ್ತದೋ ಅದನ್ನೇ ಆರಿಸಬೇಕಾಗುತ್ತದೆ.

ಇನ್ನೂ ಒಂದು ವಿಷಯ ನನ್ನ ನಿದ್ದೆ ಕೆಡಿಸಿದೆ. ಗುಡ್ಡ ಕುಸಿದು ಗಂಡ ಸತ್ತ ಒಬ್ಬ ಬಸುರಿಯನ್ನು ನೆನೆಸಿಕೊಳ್ಳಿ. ನಿಯಮದ ಪ್ರಕಾರ ಅವಳು ಎರಡು ಕಡೆ ಬರುತ್ತಾಳೆ. ವಿಕೋಪಕ್ಕೆ ಸಿಕ್ಕವಳು ಎಂದು ಒಂದು, ವಿಧವೆ ಎಂದು ಇನ್ನೊಂದು. ಅವಳ ಒಂದೊಂದು ದುಃಖವೂ ಆ ಪಟ್ಟಿಯಲ್ಲಿ ಗರ್ಭಪಾತಕ್ಕೆ ಒಂದೊಂದು ಕಾರಣವಾಗಿ ನಿಂತಿದೆ. ಆ ಮನುಷ್ಯನ ಗುರುತಾಗಿ ಈ ಭೂಮಿಯ ಮೇಲೆ ಉಳಿದಿರುವುದು ಆ ಮಗು ಒಂದೇ ಇರಬಹುದು. ಅವಳಿಗೆ ಒಂದು ಕೆಲಸ, ವಿಧವಾ ವೇತನ, ಹೆರಿಗೆಯ ಖರ್ಚು, ಮಗುವಿನ ಓದಿನ ಜವಾಬ್ದಾರಿ ಇಷ್ಟನ್ನು ಸರ್ಕಾರ ತನ್ನ ಹೆಗಲಿಗೆ ಹಾಕಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ.

24 ವಾರದ ಮಗು ಅಂದರೆ ಸುಮಾರು 600 ಗ್ರಾಂ ತೂಕ. ಅಷ್ಟೊತ್ತಿಗೆ ತಾಯಿಗೆ ಮಗು ಒದೆಯುವುದು ಚೆನ್ನಾಗಿ ಗೊತ್ತಾಗುತ್ತದೆ. ಹೊರಗಿನ ಸದ್ದಿಗೆ ಅದು ಬೆಚ್ಚುತ್ತದೆ. ಆ ವಾರಕ್ಕೇ ಹುಟ್ಟಿದ ಮಕ್ಕಳು ಒಳ್ಳೆಯ ಆಸ್ಪತ್ರೆಗಳಲ್ಲಿ ಬದುಕಿ ಮನೆಗೆ ಹೋದದ್ದೂ ಇದೆ. ಆದರೆ ನಮ್ಮ ನಂಬಿಕೆಯನ್ನು ಮುಚ್ಚಿಟ್ಟು ಬರೆಯಲು ನನಗೆ ಇಷ್ಟವಿಲ್ಲ. ಕಥೋಲಿಕರಾದ ನಮಗೆ 24 ವಾರಕ್ಕೂ 6 ವಾರಕ್ಕೂ ವ್ಯತ್ಯಾಸವಿಲ್ಲ. ಗರ್ಭ ಕಟ್ಟಿದ ಕ್ಷಣದಿಂದ ಅದು ದೇವರು ಕೊಟ್ಟ ಜೀವ. ಬೇಕೆಂದು ಅದನ್ನು ತೆಗೆಯುವುದು ತಪ್ಪು ಎಂದೇ ಧರ್ಮಸಭೆ ಮೊದಲಿನಿಂದ ಹೇಳುತ್ತಾ ಬಂದಿದೆ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಂದು ಪತ್ರದಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಬರೆದರು. ಅದೇ ಪತ್ರದಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಂಗಸರ ಜೊತೆ ಒಬ್ಬ ತಂದೆಯ ಹಾಗೆ ಮಾತಾಡಿ, ಧೈರ್ಯ ಕಳೆದುಕೊಳ್ಳಬೇಡಿ, ದೇವರ ಕ್ಷಮೆ ನಿಮಗಾಗಿ ಕಾದಿದೆ ಎಂದರು. ನನ್ನ ಈ ಪತ್ರ ಓದುವವರಲ್ಲಿ ಅಂಥ ಸಹೋದರಿಯರಿದ್ದರೆ ದಯವಿಟ್ಟು ತಿಳಿಯಿರಿ, ನಿಮ್ಮನ್ನು ಕಟಕಟೆಗೆ ನಿಲ್ಲಿಸಲು ನಾನು ಬರೆಯುತ್ತಿಲ್ಲ.

ತಾಯಿಯ ಪ್ರಾಣಕ್ಕೆ ಕುತ್ತು ಬಂದರೆ ಸುಮ್ನೆ ಕೈಕಟ್ಟಿ ಕೂರಬೇಕಾ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಖಂಡಿತ ಇಲ್ಲ. ಗರ್ಭಕೋಶಕ್ಕೆ ಕ್ಯಾನ್ಸರ್ ಬಂದರೆ ಅದಕ್ಕೆ ಚಿಕಿತ್ಸೆ ಕೊಡಲೇಬೇಕು. ಆ ಚಿಕಿತ್ಸೆಯಿಂದ ಮಗು ಉಳಿಯದೇ ಹೋದರೆ ಅದು ದುಃಖ, ಕೊಲೆ ಅಲ್ಲ. ಧರ್ಮಸಭೆ ಇದನ್ನು ಒಪ್ಪುತ್ತದೆ. ಅತ್ಯಾಚಾರಕ್ಕೆ ಒಳಗಾದವರ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಅಲ್ಲೂ ಮಗುವಿನ ತಪ್ಪಿಲ್ಲ ಎಂದೇ ನಾನು ನಂಬಿದ್ದೇನೆ. ಶಿಕ್ಷೆ ಆಗಬೇಕಾದ್ದು ಅಪರಾಧಿಗೆ. ಆ ಹುಡುಗಿಯನ್ನು ಒಂದು ದಿನವೂ ಒಂಟಿಯಾಗಿ ಬಿಡಬಾರದು. ಸಾಕಲು ಆಗುವುದಿಲ್ಲ ಎನ್ನುವ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿ ಇದೆ. ಮತ್ತೆ ಯೋಚಿಸಲು ಅವಳಿಗೆ ಎರಡು ತಿಂಗಳ ಸಮಯವೂ ಸಿಗುತ್ತದೆ. ಮಗು ಬೇಕೆಂದು ವರ್ಷಗಟ್ಟಲೆ ಕಾಯುತ್ತಿರುವ ದಂಪತಿಗಳು ಎಷ್ಟೋ ಜನ ಇದ್ದಾರೆ. ನನ್ನ ಈ ನಂಬಿಕೆಯನ್ನು ನೀವು ಪೂರ್ತಿ ಒಪ್ಪದೇ ಇರಬಹುದು. ಪರವಾಗಿಲ್ಲ. ಇವತ್ತು ನಾನು ಕೇಳುತ್ತಿರುವುದು ಆ ಒಂದು ಸಾಲಿನ ಬಗ್ಗೆ. ಅದನ್ನು ವಿರೋಧಿಸಲು ಕ್ರೈಸ್ತರೇ ಆಗಬೇಕೆಂದಿಲ್ಲ. ನಿಮ್ಮಲ್ಲಿ ಸೀಮಂತ ಮಾಡಿ ಮಡಿಲು ತುಂಬುತ್ತೀರಿ. ನಮ್ಮಲ್ಲೂ ಬಸುರಿಗೆ ಹೂ ಮುಡಿಸಿ ತವರಿಗೆ ಕಳಿಸುವ ರೂಢಿ ಇದೆ. ಈ ಜಿಲ್ಲೆಯಲ್ಲಿ ಯಾವ ಮನೆಗೆ ಹೋದರೂ ಬಸುರಿಗೇ ಮೊದಲು ಬಡಿಸುತ್ತಾರೆ, ಅಲ್ವಾ?

ನಮ್ಮ ಬೈಬಲಿನ ಶುಭಸಂದೇಶದಲ್ಲಿ ಒಂದು ಬಸುರಿಯ ಕಥೆ ಇದೆ. ಜನಗಣತಿಗೆ ಹೆಸರು ಬರೆಸಲು ಮರಿಯಮ್ಮ ತುಂಬು ಬಸುರಿಯಾಗಿ ಬೆತ್ಲೆಹೇಮಿಗೆ ಹೋಗಬೇಕಾಯಿತು. ಛತ್ರದಲ್ಲಿ ಜಾಗ ಸಿಗಲಿಲ್ಲ. ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು. ಆಮೇಲೆ ಆ ಮಗುವನ್ನು ಉಳಿಸಿಕೊಳ್ಳಲು ಈಜಿಪ್ಟಿಗೆ ಓಡಿಹೋದರು. ಕಾಳಜಿ ಕೇಂದ್ರದಲ್ಲಿ ಬಸುರಿಯನ್ನು ಕಂಡಾಗ ನಮ್ಮಂಥವರಿಗೆ ಮೊದಲು ನೆನಪಾಗುವುದು ಇದೇ. ಅಲ್ಲಿ ಇಲ್ಲದೇ ಹೋದದ್ದು ಒಂದು ಕೋಣೆ. ಕೋಣೆ ಕೊಡುವುದು ನಮ್ಮ ಕೈಯಲ್ಲಿದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಗರ್ಭಪಾತ ಬೇಡ ಎಂದು ಭಾಷಣ ಮಾಡಿ, ನೆರೆ ಬಂದಾಗ ಮನೆ ಬಾಗಿಲು ಹಾಕಿಕೊಂಡು ಕೂತರೆ ಆ ಭಾಷಣಕ್ಕೆ ಅರ್ಥವಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ಬರೆದರು. ಹುಟ್ಟದ ಮಗುವಿನ ಪರವಾಗಿ ಗಟ್ಟಿಯಾಗಿ ನಿಲ್ಲಬೇಕು, ಹುಟ್ಟಿ ಬಡತನದಲ್ಲಿ ನರಳುವವರ ಬದುಕೂ ಅಷ್ಟೇ ಪವಿತ್ರ ಎಂದು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಕೇರಳದ ಧರ್ಮಾಧ್ಯಕ್ಷರು (ಬಿಷಪ್‌ಗಳು) 100 ಮನೆ ಕಟ್ಟಿಸಿಕೊಡುತ್ತೇವೆ ಎಂದರು. ನಮ್ಮ ರಾಜ್ಯ ಸರ್ಕಾರವೂ 100 ಮನೆ ಕೊಡುವುದಾಗಿ ಹೇಳಿತು. ನೊಂದವರಿಗೆ ಕೊಡಬೇಕಾದ್ದು ಇಂಥದ್ದು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಈ ಕಾಯ್ದೆಯಡಿ ಮಾಡಿದ ನಿಯಮಗಳನ್ನು ಸಂಸತ್ತಿನ ಮುಂದೆ ಇಡಲೇಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಅದರ ಬಗ್ಗೆ ಕೇಳುವ ಹಕ್ಕು ನಿಮಗಿದೆ. ಮುಂದಿನ ಅಧಿವೇಶನದಲ್ಲಿ ಆರೋಗ್ಯ ಸಚಿವರನ್ನು ಕೇಳಿ. ವಿಕೋಪದ ಕಾರಣ ಕೊಟ್ಟು ಇದುವರೆಗೆ ಎಷ್ಟು ಗರ್ಭಪಾತ ಆಗಿದೆ? ಆ ಹೆಂಗಸರಿಗೆ ಅದಕ್ಕೆ ಮೊದಲು ಯಾವ ನೆರವು ಕೊಟ್ಟಿದ್ದರು? ಆ ವರ್ಗವನ್ನು ಪಟ್ಟಿಯಿಂದ ತೆಗೆಯಿರಿ ಎಂದು ಒತ್ತಾಯಿಸಿ. ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ನೀವು. ಒಂದು ಪ್ರಶ್ನೆಗೆ ಸದನದಲ್ಲಿ ಎಷ್ಟು ತೂಕ ಇದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಜಿಲ್ಲೆಯ ಮಟ್ಟದಲ್ಲಿ ಮಾಡಬಹುದಾದ್ದೂ ಇದೆ. ಮಳೆಗಾಲಕ್ಕೆ ಮುಂಚೆ ಗಂಗಾವಳಿ, ಕಾಳಿ, ಅಘನಾಶಿನಿ, ಶರಾವತಿ ದಡದ ಊರುಗಳ ಬಸುರಿಯರ ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಇದ್ದೇ ಇರುತ್ತದೆ. ಅದು ತಹಶೀಲ್ದಾರರ ಮೇಜಿಗೂ ಬರಲಿ. ದಿನ ತುಂಬಿದವರನ್ನು ನೀರು ಏರುವ ಮೊದಲೇ ತಾಲೂಕು ಆಸ್ಪತ್ರೆಯ ಹತ್ತಿರಕ್ಕೆ ತರಲಿ. ಪ್ರತಿ ಕಾಳಜಿ ಕೇಂದ್ರದಲ್ಲಿ ಬಸುರಿ, ಬಾಣಂತಿಯರಿಗೆ ಮಂಚ ಇರುವ ಒಂದು ಕೋಣೆ ಬೇರೆಯೇ ಇರಲಿ. ಜೋಯಿಡಾದಂಥ ಕಡೆ ಮಳೆಗಾಲದಲ್ಲಿ ಬಸುರಿಯನ್ನು ರಸ್ತೆಗೆ ತರುವುದೇ ಒಂದು ಹೋರಾಟ. ಇನ್ನು ದೊಡ್ಡ ಆಸ್ಪತ್ರೆಯ ವಿಷಯ. ಹೆರಿಗೆ ಸ್ವಲ್ಪ ಹೆಚ್ಚುಕಮ್ಮಿ ಆದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ನಮ್ಮ ಪಾಡು ನಿಮಗೆ ಹೊಸದಲ್ಲ. ಅದಕ್ಕೂ ದಿಲ್ಲಿಯಲ್ಲಿ ದನಿ ಎತ್ತಿ.

ನಮ್ಮ ಇಗರ್ಜಿಯ ಫಾದರ್ ಜೊತೆ, ಕಾನ್ವೆಂಟಿನ ಸಿಸ್ಟರುಗಳ ಜೊತೆ ಈಗಾಗಲೇ ಮಾತಾಡಿದ್ದೇನೆ. ಸಭಾಭವನದ ಪಕ್ಕದ ಎರಡು ಕೋಣೆಗಳನ್ನು ಮಳೆಗಾಲ ಪೂರ್ತಿ ಬಿಟ್ಟುಕೊಡಲು ಒಪ್ಪಿದ್ದಾರೆ. ಒಬ್ಬ ಸಿಸ್ಟರ್ ನರ್ಸ್ ಇದ್ದಾರೆ. ಅಡುಗೆಗೆ, ರಾತ್ರಿ ಜೊತೆಗಿರಲು ನಾವು ಹೆಂಗಸರು ಇದ್ದೇವೆ. ಯಾವ ಜಾತಿ, ಯಾವ ಧರ್ಮದವರಾದರೂ ಸರಿ. ತಾಲೂಕು ಆಡಳಿತದ ಒಂದು ಅನುಮತಿ ಪತ್ರ ಬೇಕು ಅಷ್ಟೇ. ಅದನ್ನು ಕೊಡಿಸಲು ನಿಮ್ಮ ಕಚೇರಿಯಿಂದ ಒಂದು ಫೋನ್ ಮಾಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರೆ
ಹೊನ್ನಾವರ ತಾಲೂಕು