ಹೊರದೇಶದ ಬಿಡಿಭಾಗಗಳ ಆರ್ಡರ್: ಹಣ ಕಟ್ಟುವ ಕ್ರಮ ಬದಲಾಗಿದೆ

ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ನಮ್ಮ ಅಂಗಡಿಯ ಗ್ರಾಹಕರಾದ ಎಲ್ಲ ನೇಕಾರ ಬಂಧುಗಳಿಗೆ ಶರಣು ಶರಣಾರ್ಥಿ.

ಮಗ್ಗದಲ್ಲಿ ವಿನ್ಯಾಸ ನೇಯಿಸುವ ಎಲೆಕ್ಟ್ರಾನಿಕ್ ಜಕಾರ್ಡಿನ ಕಂಟ್ರೋಲರ್ ಕಾರ್ಡು (ಅದನ್ನು ನಡೆಸುವ ಸರ್ಕ್ಯೂಟ್ ಬೋರ್ಡು), ಮ್ಯಾಗ್ನೆಟ್ ಮಾಡ್ಯೂಲು, ಡಿಸ್‌ಪ್ಲೇ ಇಂಥವು ಇಚಲಕರಂಜಿಯಲ್ಲೂ ಸೂರತ್ತಿನಲ್ಲೂ ಸಿಗದೇ ಹೋದಾಗ ನಿಮಗಾಗಿ ಚೀನಾದಿಂದ ತರಿಸಿಕೊಡುತ್ತ ಬಂದಿದ್ದೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಇಂಥ ಆರ್ಡರಿನ ಹಣವನ್ನು ಮಾರುವವನ ಬ್ಯಾಂಕ್ ಖಾತೆಗೆ ನೇರವಾಗಿ ಟಿಟಿ (ಬ್ಯಾಂಕಿನಿಂದ ಹೊರದೇಶದ ಖಾತೆಗೆ ಹಣ ವರ್ಗಾವಣೆ) ಮಾಡುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಒಂದೋ ಆನ್‌ಲೈನ್ ಮಾರಾಟ ತಾಣದ ಎಸ್ಕ್ರೋ (ಮಾಲು ಮುಟ್ಟುವವರೆಗೆ ಹಣ ತಡೆದಿಡುವ ವ್ಯವಸ್ಥೆ) ಮೂಲಕ, ಇಲ್ಲವೇ ಅಂಗಡಿಯ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತೇವೆ. ದರ ತುಸು ಏರುತ್ತದೆ. ಯಾಕೆ ಅಂತ ನೀವು ಕೇಳುವುದು ನ್ಯಾಯ, ಅದಕ್ಕೇ ಈ ಪತ್ರ.

ಮಹಾಲಿಂಗಪುರ ಕಡೆಯ ಗ್ರಾಹಕರೊಬ್ಬರು ತಾವೇ ಟಿಟಿ ಮಾಡಿ ತರಿಸಿದ್ದ ಕಂಟ್ರೋಲರ್ ಕಾರ್ಡನ್ನು ತಂದು ನಮ್ಮ ಟೇಬಲ್ಲಿನ ಮೇಲೆ ಇಟ್ಟರು. ಮೊಬೈಲಿನ ಫೋಟೋದಲ್ಲಿದ್ದದ್ದೂ ಡಬ್ಬಿಯಲ್ಲಿದ್ದದ್ದೂ ಮೇಲ್ನೋಟಕ್ಕೆ ಒಂದೇ: ಅದೇ ಹಸಿರು ಬೋರ್ಡು, ಅದೇ ಅಳತೆ. ಹತ್ತಿರ ಹಿಡಿದು ನೋಡಿದರೆ ಕನೆಕ್ಟರಿನಲ್ಲಿ ಒಂದು ಸಾಲು ಪಿನ್ನೇ ಇಲ್ಲ. ದೊಡ್ಡ ಚಿಪ್ಪಿನ ಮೇಲಿನ ನಂಬರನ್ನು ಉಜ್ಜಿ ತೆಗೆದಿದ್ದರು, ಅದರ ಕಾಲುಗಳಲ್ಲಿ ಹಳೆಯ ಬೆಸುಗೆಯ ಕಲೆ. "ಹೊಸಾದು ಅಂತ ಹೇಳಿ ಬಿಚ್ಚಿದ ಮಾಲು ಕಳಿಸ್ಯಾನ್ರಿ ಅಣ್ಣಾರ, ಈಗ ಮೆಸೇಜಿಗೆ ಉತ್ರಾನ ಕೊಡವಲ್ಲ" ಅಂದರು. ಹಣ ನೇರ ಖಾತೆಗೆ ಹೋಗಿತ್ತು, ಅವರು ಎಲ್ಲಿಗೆ ಹೋಗಿ ಕೇಳಬೇಕು? ಬ್ಯಾಂಕಿನವರು ಹಣ ಮರಳಿಸಿ ಎಂಬ ಕೋರಿಕೆ (ರಿಕಾಲ್) ಕಳಿಸಬಲ್ಲರು, ಆದರೆ ಹಣ ಪಡೆದವನು ಒಪ್ಪದ ಹೊರತು ಅದು ಹಿಂದಿರುಗುವುದಿಲ್ಲ.

ಟಿಟಿಯಲ್ಲಿ ಇನ್ನೂ ಒಂದು ಕಾಟವಿದೆ. ಮಾರುವವನ ಇಮೇಲಿಗೇ ಕಳ್ಳರು ನುಗ್ಗಿ, ಮಾಲಿಗೆ ಮುಂಚೆ ಬರುವ ಬಿಲ್ಲಾದ ಅದೇ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ ಖಾತೆ ನಂಬರ್ ಮಾತ್ರ ಬದಲಿಸಿ, "ನಮ್ಮ ಹಳೆ ಖಾತೆ ಆಡಿಟ್‌ನಲ್ಲಿದೆ, ಇದಕ್ಕೆ ಹಾಕಿ" ಅಂತ ಬರೆಯುತ್ತಾರೆ. ಹೀಗೆ ಯಾರಾದರೂ ಹಾಕಿಬಿಟ್ಟಿದ್ದರೆ ಆ ಗಳಿಗೆಯಲ್ಲೇ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ನಾಳೆ ನೋಡೋಣ ಅಂದರೆ ಹಣ ಇನ್ನೆರಡು ಖಾತೆ ದಾಟಿರುತ್ತದೆ.

ಎಸ್ಕ್ರೋದಲ್ಲಿ ಹಣ ತಾಣದವರ ಹತ್ತಿರ ನಿಲ್ಲುತ್ತದೆ, ಮಾಲು ಮುಟ್ಟಿದ ಮೇಲೆ ಮಾರುವವನಿಗೆ ಸೇರುತ್ತದೆ. ಚೀನಾದ ಮಾರಾಟ ತಾಣ ಅಲಿಬಾಬಾದ ಟ್ರೇಡ್ ಅಶ್ಯೂರೆನ್ಸ್ ಈ ಬಗೆಯದು. ಮಾಲು ಬರದಿದ್ದರೆ ಅಥವಾ ಒಪ್ಪಂದದಂತೆ ಇಲ್ಲದಿದ್ದರೆ ಅಲ್ಲೇ ತಕರಾರು ಹಾಕಬಹುದು. ಆದರೆ ಹಣವನ್ನು ತಾಣ ತೋರಿಸಿದ ಖಾತೆಗೇ ಕಟ್ಟಿರಬೇಕು. "ವಾಟ್ಸಾಪಿಗೆ ಬನ್ನಿ, ನೇರವಾಗಿ ಕಟ್ಟಿದರೆ ಶೇ 5 ಕಡಿಮೆ" ಅನ್ನುವವನು ನಿಮ್ಮನ್ನು ಈ ರಕ್ಷಣೆಯಿಂದ ಹೊರಗೆ ಕರೆಯುತ್ತಿದ್ದಾನೆ ಅಂತಲೇ ತಿಳಿಯಿರಿ. ಮಾತುಕತೆಯೂ ತಾಣದ ಒಳಗೇ ಆಗಬೇಕು. ಎಷ್ಟು ವೋಲ್ಟು, ಎಷ್ಟು ಪಿನ್ನು, ಹೊಸದೋ ಹಳೆಯದೋ ಎಂಬುದು ಆರ್ಡರಿನಲ್ಲೇ ಬರೆದಿರದಿದ್ದರೆ "ಇದು ನಾನು ಕೇಳಿದ್ದಲ್ಲ" ಎಂಬ ಮಾತಿಗೆ ಬೆಲೆ ಸಿಗುವುದಿಲ್ಲ. ಅದಕ್ಕೇ ಇನ್ನು ಮೇಲೆ ನಿಮ್ಮ ಹಳೆ ಕಂಟ್ರೋಲರ್ ಕಾರ್ಡನ್ನು ಅಂಗಡಿಗೆ ತಂದೇ ಆರ್ಡರ್ ಕೊಡಿ. ಎರಡೂ ಬದಿಯ ಫೋಟೋ ತೆಗೆದು ಆರ್ಡರಿಗೆ ಜೋಡಿಸುತ್ತೇವೆ. ಫೋನಿನಲ್ಲಿ "ಹೋದ ಸಲದ್ದೇ ಕಳಿಸ್ರಿ" ಅಂದರೆ ಸಾಲದು.

ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ದಾರಿ ಬೇರೆ. ಮಾಲು ಬಾರದಿದ್ದರೆ, ಬೇರೆಯದೇ ಬಂದರೆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ಹಣ ಮರಳಿ ಪಡೆಯುವ ಚಾರ್ಜ್‌ಬ್ಯಾಕ್ ಕೇಳಬಹುದು. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನ. ಆನ್‌ಲೈನ್ ಹಣ ಪಾವತಿ ಸೇವೆಯಾದ ಪೇಪಾಲ್ ಮೂಲಕ ಕಟ್ಟಿದ್ದರೆ ಕಟ್ಟಿದ ದಿನದಿಂದ 180 ದಿನದೊಳಗೆ ತಕರಾರು ಹಾಕಬೇಕು, ಹಾಕಿದ 20 ದಿನದೊಳಗೆ ಅದನ್ನು ಕ್ಲೇಮಿಗೆ (ಪೇಪಾಲೇ ತೀರ್ಮಾನಿಸುವ ಹಂತಕ್ಕೆ) ಏರಿಸಬೇಕು. ಏರಿಸದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ, ಮುಚ್ಚಿದ್ದನ್ನು ಮತ್ತೆ ತೆರೆಯಲು ಬರುವುದಿಲ್ಲ. "ಮೊದಲು ತಕರಾರು ಮುಚ್ಚಿರಿ, ಆಮೇಲೆ ದುಡ್ಡು ಕೊಡ್ತೀನಿ" ಅಂತ ಸಕ್ಕರೆಯಂಥ ಮಾತಾಡುವವರು ಈ ನಿಯಮವನ್ನು ಚೆನ್ನಾಗಿ ಬಲ್ಲವರು.

ತಾವೇ ಬ್ಯಾಂಕ್ ಕಾರ್ಡಿನಿಂದ ಹಣ ಕಟ್ಟಿ ತರಿಸುವ ಗ್ರಾಹಕರಿಗೂ ಒಂದು ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ನೀವೇ ಆ್ಯಪಿನಲ್ಲಿ ಚಾಲೂ ಮಾಡಬೇಕು. ಕೆಲಸ ಮುಗಿದ ಕೂಡಲೇ ಮತ್ತೆ ಬಂದ್ ಮಾಡಿ. ಯಾಕೆಂದರೆ ಹೊರದೇಶದ ಎಷ್ಟೋ ತಾಣಗಳಲ್ಲಿ ಒಟಿಪಿ ಕೇಳದೆಯೇ ಹಣ ಹೋಗುತ್ತದೆ. ನಿಮಗೆ ಗೊತ್ತಿಲ್ಲದೆ, ನಿಮ್ಮ ತಪ್ಪೂ ಇಲ್ಲದೆ ಹೋದ ಹಣವನ್ನು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿದೆ. ನೀವೇ ಒಪ್ಪಿ ಕಟ್ಟಿ, ಮಾಲು ಕೆಟ್ಟದ್ದು ಬಂದಿದ್ದಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಚಾರ್ಜ್‌ಬ್ಯಾಕ್ ಮಾತ್ರ.

ಖರ್ಚಿನ ವಿಷಯ. ವಿದೇಶಿ ಹಣದ ವ್ಯವಹಾರಕ್ಕೆ ಕಾರ್ಡುಗಳು ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. 40,000 ರೂಪಾಯಿಯ ಮಾಲಿಗೆ ಶೇ 3.5ರ ಲೆಕ್ಕದಲ್ಲಿ 1,400, ಜಿಎಸ್‌ಟಿ 252, ಒಟ್ಟು 1,652 ರೂಪಾಯಿ. ಬ್ಯಾಂಕು ಎಷ್ಟು ಹಾಕುತ್ತದೋ ಅಷ್ಟನ್ನೇ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುತ್ತೇವೆ, ಅದರ ಮೇಲೆ ನಮ್ಮ ಲಾಭ ಇಡುವುದಿಲ್ಲ. ಈ ಹಣ ಉಳಿಸಬೇಕೆಂದು ಟಿಟಿ ಮಾಡಿ ಅಂತ ಒತ್ತಾಯಿಸುವವರಿಗೆ ನಾವು ಕೈಮುಗಿದು ಇಲ್ಲ ಅನ್ನುತ್ತೇವೆ.

ಎಲ್ಲ ರಕ್ಷಣೆಗೂ ಮಿತಿ ಇದೆ. ಗೆದ್ದರೂ ಮಾಲನ್ನು ನಮ್ಮ ಖರ್ಚಿನಲ್ಲೇ ವಾಪಸ್ ಕಳಿಸಬೇಕಾಗಬಹುದು. ಸಣ್ಣ ಸಾಮಾನಿಗೆ ಕೊರಿಯರ್ ಚಾರ್ಜೇ ಮಾಲಿನ ಬೆಲೆ ಮೀರುತ್ತದೆ, ಅಂಥಲ್ಲಿ ಅರ್ಧ ಹಣಕ್ಕೆ ರಾಜಿಯಾಗುವುದೇ ಜಾಣತನ. ಕಟ್ಟಿದ ಸುಂಕವನ್ನು ಮಾರುವವನು ಕೊಡುವುದಿಲ್ಲ. ಸುಂಕ ತಪ್ಪಿಸಲು ಪಾರ್ಸಲ್ಲಿನ ಮೇಲೆ ಬೆಲೆ ಇಳಿಸಿ ಬರೆಸಿ, 'ಗಿಫ್ಟ್' ಅಂತ ಬರೆಸಿ ಎಂದು ಕೇಳುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ನಾಳೆ ತಕರಾರಿನಲ್ಲಿ ನಾವೇ ಬರೆಸಿದ ಸುಳ್ಳು ಬೆಲೆ ನಮ್ಮ ಕುತ್ತಿಗೆಗೇ ಬರುತ್ತದೆ.

ಟ್ರೇಡ್ ಅಶ್ಯೂರೆನ್ಸಿನಲ್ಲಿ ಮಾಲು ಮುಟ್ಟಿದ ಮೇಲೆ ತಕರಾರಿಗೆ ಸಾಮಾನ್ಯವಾಗಿ 30 ದಿನವಷ್ಟೇ. ಹಾಗಾಗಿ ಪಾರ್ಸಲ್ ಬಂತೆಂದು ಫೋನ್ ಮಾಡಿದರೆ ಒಂದು ವಾರದೊಳಗೆ ಬನ್ನಿ. ನಿಮ್ಮ ಎದುರಿಗೇ, ವಿಳಾಸದ ಚೀಟಿಯಿಂದ ಶುರುಮಾಡಿ ಕ್ಯಾಮೆರಾ ನಿಲ್ಲಿಸದೆ ಬಿಚ್ಚುತ್ತೇವೆ. ಮನೆಗೊಯ್ದ ಮೇಲೆ ಮಗ್ಗಕ್ಕೆ ಹಾಕಿ ಓಡಿಸಿ ನೋಡಿ. ಸೀರೆ ಸೀಜನ್ ಮುಗಿಯಲಿ ಅಂತ ಅಟ್ಟದ ಮೇಲೆ ಇಟ್ಟರೆ ಗಡುವು ಕಾಯುವುದಿಲ್ಲ.

ಇನ್ನು ನಮ್ಮ ಮೇಲಿನ ನಿಮ್ಮ ಹಕ್ಕು. ಮರುಮಾರಾಟಕ್ಕೆ ತರಿಸುವ ನಾವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಗ್ಗ ನಡೆಸುವ ನೀವು ಗ್ರಾಹಕರೇ. ನಾವು ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಮಾಲಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದ ವ್ಯಾಜ್ಯವನ್ನು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಒಯ್ಯಬಹುದು. ಇದಕ್ಕಾಗಿ ಪಕ್ಕಾ ಬಿಲ್ಲು ಕೇಳಿ ಪಡೆಯಿರಿ. ಚೀಟಿಯ ಮೇಲಿನ ಲೆಕ್ಕ ಇನ್ನು ನಮ್ಮಲ್ಲಿ ಇಲ್ಲ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆ ದರವೇ. ಮಾರ್ಕಪ್ ಅಂಗಡಿಯೇ ಹೊರುತ್ತದೆ. ಆರ್ಡರ್ ರದ್ದು ಮಾಡಬೇಕೆನ್ನುವವರು ತಿಂಗಳ ಕೊನೆಯೊಳಗೆ ಮುಂಗಡದ ರಸೀದಿ ತಂದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ